ಕಸ ಎನ್ನಿಸಿಕೊಂಡ ಗೆರೆ

“ಅಮ್ಮಾ, ಆ ಆಂಟಿ ಯಾಕೆ ಕಾಯಿಲೆ ಬಂದಿರೋ ಗಿಡಾನೇ ಮುದ್ದು ಮಾಡ್ತಾರೆ? ಚೆನ್ನಾಗಿರೋದನ್ನ ಮುಟ್ಟೋದೇ ಇಲ್ವಲ್ಲ?”

ಕೆ.ಆರ್. ಪುರಂನಿಂದ ಕಗ್ಗದಾಸಪುರಕ್ಕೆ ಮರಳುವ ಬಸ್ಸಿನಲ್ಲಿ ನನ್ನ ಮಗಳು ಮೋನಿಷಾ ಹೀಗೆ ಕೇಳಿದಳು. ಶಾಲೆಗೆ ರಜೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ನಾನು ಕೆಲಸ ಮಾಡುವ ಬೀಜ ಸಂಶೋಧನಾ ಸಂಸ್ಥೆಗೇ ಅವಳನ್ನು ಕರೆದೊಯ್ದು, ಡಾಕ್ಟರ್ ಬದ್ರುನ್ನೀಸಾ ಮೇಡಂ ಅವರ ಗ್ರೀನ್‌ಹೌಸಿನ ಮೂಲೆಯಲ್ಲಿ ಕೂರಿಸಿದ್ದೆ.

ಮೇಡಂ ನಡೆಯುವಾಗ ಎಡಭುಜ ತುಸು ಮುಂದೆ, ಜನಸಂದಣಿಯನ್ನು ಸೀಳಿಕೊಂಡು ಹೋಗುವವರ ಹಾಗೆ. ಶಿವಾಜಿನಗರದ ಸಂದಿಗಳಲ್ಲಿ ಬೆಳೆದ ದೇಹವನ್ನು ಖಾಲಿ ಮೊಗಸಾಲೆಯಲ್ಲೂ ಆ ಅಭ್ಯಾಸ ಬಿಟ್ಟಿಲ್ಲ. ಮೈಮೇಲಿನ ಬಿಳಿಯ ಕೋಟು ಅವರ ತಂದೆ, ದರ್ಜಿ ಖಾದರ್ ಸಾಹೇಬರು ಹೊಲಿದದ್ದು. ಮೊಣಕೈ ಸವೆದು ತೇಪೆ ಬಿದ್ದಿದ್ದರೂ ಸಂಸ್ಥೆಯ ಹೊಸ ಕೋಟನ್ನು ಅವರು ಗೂಟದಿಂದ ಇಳಿಸಿದವರಲ್ಲ. ಯಾವ ವಾದವಿದ್ದರೂ “ನೋಡೋಣ, ಗಿಡ ಏನು ಹೇಳ್ತದೆ” ಎಂದು ಮುಗಿಸುವುದು ರೂಢಿ. ಕೈ ತೊಳೆಯುವುದಂತೂ ವ್ರತ: ಗಿಡ ಮುಟ್ಟುವ ಮುನ್ನ, ಮುಟ್ಟಿದ ಮೇಲೆ, ಯಾರಾದರೂ ನೋಡುತ್ತಿದ್ದರೆ ಇನ್ನೊಮ್ಮೆ.

ಆ ವ್ರತ ಶುರುವಾದದ್ದು ತೊಂಬತ್ತರ ದಶಕದ ನಡುವೆ; ನಾನು ಆಗಷ್ಟೇ ಅವರ ಕೈಕೆಳಗೆ ಸೇರಿದ್ದೆ. ಮುಟುರು ರೋಗದ ವೈರಸ್ಸು ತಗಲಿದ ಟೊಮ್ಯಾಟೊ ಗಿಡಗಳಲ್ಲಿ ಕೆಲವು ಮಾತ್ರ, ಕೆಳಗಿನೆಲೆಗಳು ಮುದುಡಿ ಹಳದಿಗಟ್ಟಿದ್ದರೂ, ನೆತ್ತಿಯಲ್ಲಿ ನಿರ್ಮಲವಾದ ಚಿಗುರು ಬಿಡುತ್ತಿದ್ದವು. ಹಂಗೇ ಒಂದೊಂದು ಬದುಕ್ಕೊಳ್ತವೆ ಬಿಡಿ ಎಂದರು ಉಳಿದವರು. ಮೇಡಂ ಬಿಡಲಿಲ್ಲ. ಎಲೆಯಿಂದ ತೆಗೆದ ಆರ್‌ಎನ್‌ಎಯನ್ನು ಜೆಲ್ಲೆಂಬ ಅಂಟಿನ ಹಾಳೆಯಲ್ಲಿ ಕರೆಂಟು ಹಾಯಿಸಿ ಓಡಿಸಿದರೆ ಉದ್ದದ ತುಂಡುಗಳು ಮೇಲೆ ನಿಲ್ಲುತ್ತವೆ, ಚಿಕ್ಕವು ಕೆಳಕ್ಕೆ ಜಾರುತ್ತವೆ. ಗುರುತಿಗೆಂದು ಬೆರೆಸಿದ ನೀಲಿ ಬಣ್ಣ ತುದಿ ದಾಟುವವರೆಗೆ ಓಡಿಸಿ, ಜಾರಿಹೋದದ್ದನ್ನು ನೀರಿನೊಂದಿಗೆ ಚೆಲ್ಲುವುದು ನಮ್ಮೆಲ್ಲರ ಪದ್ಧತಿಯಾಗಿತ್ತು. ಪ್ರೋಟೀನು ಕಟ್ಟಲು ಬಾರದಷ್ಟು ಚಿಕ್ಕದು ಯಾರಿಗೆ ಬೇಕು? ಮೇಡಂ ಬಣ್ಣ ಅರ್ಧದಾರಿಯಲ್ಲಿರುವಾಗಲೇ ಕರೆಂಟು ತೆಗೆದರು. ವೈರಸ್ಸಿನ ಅಂಶವನ್ನು ಪತ್ತೆಹಚ್ಚುವ ಪರೀಕ್ಷೆಯಲ್ಲಿ, ಚೇತರಿಸಿಕೊಂಡ ಗಿಡಗಳ ಸಾಲಿನ ತಳದಲ್ಲಿ, ಒಂದು ಸಣ್ಣ ಗೆರೆ ಮೂಡಿತ್ತು.

ವಿಭಾಗದ ಮುಖ್ಯಸ್ಥರಾದ ಚಲುವಯ್ಯನವರು ತುಂಬಿದ ಸಭೆಯಲ್ಲಿ ಆ ಪರೀಕ್ಷೆಯ ಚಿತ್ರವನ್ನು ಬೆಳಕಿಗೆ ಹಿಡಿದು, “ಇದು ಒಡೆದೋಗಿರೋ ಆರ್‌ಎನ್‌ಎ ಕಣಮ್ಮ, ಕಸ. ಸ್ವಲ್ಪ ಕೈ ತೊಳ್ಕೊಂಡು ಕೆಲಸ ಮಾಡಿ” ಎಂದರು. ಬೆರಳಿನ ಬೆವರು ತಗಲಿದರೆ ಆರ್‌ಎನ್‌ಎ ಒಡೆಯುವುದು ನಿಜವೇ. ಆದರೆ ಅಂದು ಎದ್ದ ನಗೆ ಬರೀ ರಸಾಯನಶಾಸ್ತ್ರದ್ದಾಗಿರಲಿಲ್ಲ. ಆ ಕೈಗಳು ಯಾವ ಬೀದಿಯಿಂದ ಬರುತ್ತವೆ ಎಂಬುದೂ ಅದರಲ್ಲಿ ಬೆರೆತಿತ್ತು.

ಕೆಲವೇ ವರ್ಷಗಳಲ್ಲಿ ಹೊರದೇಶದವರು ಅಂಥದೇ ತುಂಡುಗಳನ್ನು ಕಂಡು, ಗಿಡ ವೈರಸ್ಸಿನೆದುರು ಕಾದಾಡುವ ಬಗೆಯೇ ಇದೆಂದು ಸಾರಿದರು. ಕಸ ಒಮ್ಮೆಗೇ ಕನಕವಾಯಿತು. ಹಳೆಯ ಚಿತ್ರ ಚಲುವಯ್ಯನವರ ಕೋಣೆಯಲ್ಲಿ ಗಾಜಿನ ಚೌಕಟ್ಟು ಸೇರಿತು; ಕೆಳಗೆ ಅವರ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ ‘ಸಹಾಯ: ಬದ್ರುನ್ನೀಸಾ’.

ಮೋನಿಷಾಳಿಗೆ ಮೇಡಂ ಇದನ್ನೆಲ್ಲ ಹೇಳಿರಲಿಲ್ಲ. ಹೇಳಿದ್ದು ಬೇರೆ. “ನೋಡು ಬೇಟಿ, ನಮ್ಮಪ್ಪ ಪ್ರತಿ ಬಟ್ಟೆಯಿಂದ ಒಂದು ಚೂರು ಕತ್ತರಿಸಿ ಚೀಟಿಗೆ ಚುಚ್ತಿದ್ರು. ರಾಶಿ ಎಷ್ಟೇ ಇರಲಿ, ಚೂರು ಹಿಡಿದು ಹುಡುಕಿದ್ರೆ ಆ ಬಟ್ಟೆ ಸಿಕ್ಕೇ ಸಿಗ್ತಿತ್ತು. ಈ ಗಿಡಾನೂ ಹಂಗೇ. ವೈರಸ್ಸನ್ನ ಚೂರುಚೂರು ಮಾಡಿ ಇಟ್ಕೊಂಡು, ಅದಕ್ಕೆ ಹೊಂದೋದು ಎಲ್ಲಿ ಕಂಡ್ರೂ ಹಿಡಿದು ಕತ್ತರಿಸ್ತದೆ.”

“ಕತ್ತರಿ ಎಲ್ಲಿದೆ?” ಎಂದಳು ಇವಳು.

“ಅದನ್ನೇ ನಿಮ್ಮಮ್ಮನೂ ಕೇಳಿದ್ಳು. ಅವ್ಳಿಗೆ ಸಂಬಳ ಕೊಡ್ತಿದ್ರು, ನೀನು ಪುಕ್ಕಟೆ ಕೇಳ್ತಿದೀಯ.”

ಬಸ್ಸಿನಲ್ಲಿ ನಾನು ಮಗುವಿಗೆ ಕೊಟ್ಟ ಉತ್ತರ ಇಷ್ಟೇ: ಕಾಯಿಲೆ ಬಂದು ವಾಸಿಯಾದ ಗಿಡಗಳು ಪುಟ್ಟಾ, ಮೇಡಂ ಜೀವ ಅಲ್ಲೇ ಇದೆ. ಅವಳಿಗೆ ಹೇಳದೆ ಉಳಿಸಿಕೊಂಡದ್ದು ಬೇರೆ: ಮೇಡಂ ವರ್ಷಗಟ್ಟಲೆ ಆರಿಸಿ ಬೆಳೆಸಿದ ಆ ತಳಿಯಲ್ಲಿ, ಎಲ್ಲ ಗಿಡಗಳೂ ತಾವಾಗಿ ಚೇತರಿಸಿಕೊಂಡದ್ದು ಈ ಪೀಳಿಗೆಯಲ್ಲೇ ಮೊದಲು. ಕಾಯಿ ಇನ್ನೂ ಹಸಿರು, ಬೀಜ ಬಲಿತಿಲ್ಲ; ಗ್ರೀನ್‌ಹೌಸನ್ನು ತಿಂಗಳೊಳಗೆ ತೆರವು ಮಾಡಬೇಕೆಂಬ ಆದೇಶ ಮಾತ್ರ ಬಂದಾಗಿದೆ.

ಇಂಥವರು ಪ್ರತಿ ಕಚೇರಿಯಲ್ಲೂ ಒಬ್ಬರಿರುತ್ತಾರೆ. ಅವರ ತಾಳ್ಮೆಯನ್ನು ದೊಡ್ಡ ಗುಣವೆಂದು ಹೊಗಳುವುದು ನಮಗೆಲ್ಲ ಅನುಕೂಲ. ಅವರು ಒಮ್ಮೆ ಸಿಟ್ಟಾಗಿಬಿಟ್ಟರೆ ನಾವು ಯಾರ ಕಡೆಯೆಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹಾಗಾಗಿ ಅವರನ್ನು ಸಾಧುಗಳೆಂದು ಕರೆದು, ಅವರ ಪಾಲಿನ ಅವಮಾನವನ್ನು ಅವರಿಗೇ ಬಿಟ್ಟು, ಹೊತ್ತಿಗೆ ಸರಿಯಾಗಿ ಬಸ್ಸು ಹಿಡಿಯುತ್ತೇವೆ.

ಮರುದಿನ ಊಟದ ಹೊತ್ತಿಗೆ ಮೇಡಂ ನನ್ನ ಮೇಜಿನ ಬಳಿ ಬಂದು ನಿಂತರು. ಚಲುವಯ್ಯನವರ ನಿವೃತ್ತಿಗೆ ಅಭಿನಂದನಾ ಸಂಚಿಕೆ ಬರುತ್ತದಂತೆ. ಅದಕ್ಕೆ ಇವರದೊಂದು ಲೇಖನ ಬಂದರೆ, ಬೀಜ ಬಲಿಯುವವರೆಗೆ ಗ್ರೀನ್‌ಹೌಸನ್ನು ಉಳಿಸಿಕೊಡಲು ಚಲುವಯ್ಯನವರೇ ಮೇಲಿನವರೊಂದಿಗೆ ಮಾತಾಡುತ್ತಾರಂತೆ.

“ಉಮಾ, ನಿನಗೆ ದಿನಾ ಡೈರಿ ಬರೆದು ರೂಢಿ ಇದೆಯಲ್ಲ. ಎರಡು ಪುಟ ನೀನೇ ಬರ್ದುಕೊಡು, ಸೈನ್ ನಾನು ಹಾಕ್ತೀನಿ” ಎಂದರು. ಬಳಿಕ ದನಿ ತಗ್ಗಿಸಿ ಸೇರಿಸಿದರು: “ಎಷ್ಟು ಬೇಕಾದ್ರೂ ಹೊಗಳು. ಆ ಗೆರೆ ಅವರು ಕಂಡುಹಿಡಿದ್ರು ಅಂತ ಮಾತ್ರ ಬರೀಬೇಡ. ಅವರ ಕಾಲದಲ್ಲಿ ಕಂಡುಬಂತು ಅಂತ ಬರಿ, ಸಾಕು.”