ಎರವಲು ತೋಳು

ಬಳ್ಳಾರಿ ಗುಡ್ಡದ ಮೇಲೆ ಇನ್ನೂ ಕೋಟೆ ಎದ್ದಿರದ ಕಾಲದಲ್ಲಿ ಅಲ್ಲೊಬ್ಬಳು ತಾಯಿ ಇದ್ದಳಂತೆ. ಸಿಡುಬಿನಮ್ಮ ಬಾಗಿಲಿಗೆ ಬಂದು ‘ಮಕ್ಕಳೆಷ್ಟು?’ ಎಂದಾಗ ಆಕೆ ಕೂಸನ್ನು ಜೋಳದ ಗುಮ್ಮಿಯಲ್ಲಿ ಬಚ್ಚಿಟ್ಟು, ಸೆರಗಿನಲ್ಲಿ ಸುತ್ತಿದ ಗುಂಡುಕಲ್ಲು ತೋರಿಸಿದಳಂತೆ. ಅಮ್ಮ ನಕ್ಕು ಹೋದಳಂತೆ. ಗುಮ್ಮಿ ತೆರೆದರೆ ಒಳಗೂ ಕಲ್ಲೇ.

ಈ ಕಥೆ ಹೇಳಿದ ನಮ್ಮಜ್ಜಿ ಯಂಕಮ್ಮನೇ, ಸ್ವಾತಂತ್ರ್ಯ ಬಂದ ಮರುವರ್ಷ, ನನ್ನಿಂದ ಅಂಥದೇ ಕೆಲಸ ಮಾಡಿಸಿದಳು.

ಅಕ್ಕ ಸಿಡುಬಿನಲ್ಲೇ ಹೋದವಳು. ಹತ್ತಿರ ಬರಗೊಡದೆ, ದೂರದಿಂದಲೇ, “ಊರಮ್ಮಗ ದೇವಿ ಹಾಕಿಸ್ತೀನಿ ಅನ್ನು” ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ತೋಳು ಗೀರಿ ಸಿಡುಬಿನ ಔಷಧ ಹಚ್ಚುವುದಕ್ಕೆ ನಮ್ಮಲ್ಲಿ ದೇವಿ ಹಾಕುವುದು ಅನ್ನುತ್ತಾರೆ. ಆಗ ಹಸುಗೂಸಾಗಿದ್ದ ಅಕ್ಕನ ಮಗಳು ಊರಮ್ಮನಿಗೆ ಈಗ ಎರಡು ವರ್ಷ. ನಾನು ಹೆದರಿ ಇವತ್ತು ನಾಳೆ ಅನ್ನುತ್ತಲೇ ಇದ್ದೆ.

ದೇವಿ ಹಾಕುವ ಚಿನ್ನಪ್ಪ ಬ್ರೂಸ್‌ಪೇಟೆ ಹಿಂದಿನ ನಮ್ಮ ಓಣಿಗೆ ಬಂದ ದಿನ ಅಜ್ಜಿ ಕೂಸನ್ನು ಒಳಕೋಣೆಗೆ ಹಾಕಿದಳು.

“ಕಬ್ಬಿಣ ಮುಟ್ಟಿಸಿದ್ರ ಅಮ್ಮ ಮುನಿಸ್ಕೊಂತಾಳ. ಹೋಗು, ಜೋಗಮ್ಮನ ಮಗನ್ನ ಇಸ್ಕೊಂಡು ಬಾ.”

ಪಕ್ಕದ ಮನೆಯ ಆ ಪುಟ್ಟ ಮಾರೆಣ್ಣನ ತೋಳಿನಲ್ಲಿ ದೇವಿ ಹಾಕಿಸಿದ ಹಳೆಯ ಕಲೆಗಳಿದ್ದವು. ಹಿತ್ತಲ ಗೋಡೆಗಳ ಮೇಲಿಂದ ಅವನನ್ನು ಮನೆಯಿಂದ ಮನೆಗೆ ದಾಟಿಸುತ್ತಿದ್ದರು. ಲಂಗ ತೊಡಿಸಿ, ಇವಳೇ ಊರಮ್ಮ ಎಂದು ನಾನೂ ತೋರಿಸಿದೆ. ಚಿನ್ನಪ್ಪ ‘ಊರಮ್ಮ, ಕಲೆ ಇದೆ’ ಎಂದು ಪುಸ್ತಕದಲ್ಲಿ ಬರೆದುಕೊಂಡು ಹೋದ.

ಹತ್ತನೇ ದಿನ ನಮ್ಮಿಂದ ಮೂರನೇ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಅಮ್ಮ ಬಂದಿದ್ದಳು. ಪುಸ್ತಕದೊಳಗಿನ ಊರಮ್ಮನಿಗೆ ಕಲೆಯಿತ್ತು. ನನ್ನ ಮಗ್ಗುಲಲ್ಲಿ ಮಲಗಿದವಳ ತೋಳು ಬೋಳಾಗಿತ್ತು. ಅವಳನ್ನು ಮುಟ್ಟಲೂ ಭಯ. ಕಲ್ಲಿನಂತೆ ತಣ್ಣಗಿದ್ದರೆ? ಕೆಂಡದಂತೆ ಸುಟ್ಟರೆ?

ಅಜ್ಜಿ ನೀರಿಗೆ ಹೋದಾಗ ಕೂಸನ್ನು ಸೊಂಟಕ್ಕೇರಿಸಿಕೊಂಡು ಹೊರಟೆ. ಚಿನ್ನಪ್ಪ ಕುರುಗೋಡಿಗೆ ಹೋಗಿದ್ದಾನೆಂದು ಕೇಳಿ ಅಲ್ಲಿಗೆ ಹೋದರೆ, ಹಿಂದಿನ ದಿನವೇ ಸಿರುಗುಪ್ಪಕ್ಕೆ ಹೋದ ಎಂದರು. ಮರುದಿನ ಬೆಳಗಿನ ಜಾವ ಅತ್ತ ಹೊರಟಿದ್ದ ಉಚ್ಚಂಗೆಪ್ಪ ಎಂಬ ಮುದುಕನ ಹತ್ತಿ ಗಾಡಿ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಊರಮ್ಮನ ಮೈ ಕಾದಿತ್ತು.

“ಕೂಸಿಗೆ ಜ್ವರ ಏನವ್ವ?”

“ಬಿಸ್ಲು, ಯಜ್ಜ.”

ಮುದುಕ ನಮ್ಮಿಂದ ದೂರ, ಗಾಡಿಯ ಮೂಕಿಯ ತುದಿಗೆ ಸರಿದು ಕುಳಿತ.

ಹೊತ್ತು ಇಳಿಯುವಾಗ ಸಿರುಗುಪ್ಪದ ಚಾವಡಿಯಲ್ಲಿ ಚಿನ್ನಪ್ಪ ಪೆಟ್ಟಿಗೆ ಮುಚ್ಚುತ್ತಿದ್ದ.

“ಊರಮ್ಮ? ಬ್ರೂಸ್‌ಪೇಟಿ ಹಿಂದ? ಕಲೆ ನೋಡಿ ಬರಕೊಂಡೀನಲ್ಲ!”

“ಅವ ಜೋಗಮ್ಮನ ಮಗ ರೀ.”

“ಲಂಗ ಹಾಕ್ಕೊಂಡಿತ್ತು!”

“ನಾನಾ ಹಾಕಿದ್ದೆ. ದಂಡ ಹಾಕ್ರಿ, ಜೇಲಿಗೆ ಹಾಕ್ರಿ. ಮೊದ್ಲು ಇದಕ್ಕ ದೇವಿ ಹಾಕ್ರಿ. ಓಣ್ಯಾಗ ಅಮ್ಮ ಬಂದಾಳ.”

ಅವನ ಮುಖ ಬಿಳುಚಿತು. “ಎಷ್ಟು ಮನ್ಯಾಗ ತೋರಿಸೀರಿ ಅವನ್ನ?”

“ಐದು.”

“ಅದಕ್ಕ ಮತ್ತ! ಐದೂ ಕೂಸುಗಳ ಮೂಗಿನ್ಯಾಗ ಒಂದಾ ಸಿಂಬಳ!” ಎಂದ. ನಗಲಿಲ್ಲ. ಪುಸ್ತಕ ತೆಗೆದು ಐದು ಹೆಸರು ಹೊಡೆದುಹಾಕಿ, “ನಾಳೇನ ವಾಪಸ್ ಹೋಗಬೇಕು” ಎಂದು ಗೊಣಗಿದ.

ಆಮೇಲೆ ಕೂಸಿನ ಹಣೆಗೆ ಕೈಯಿಟ್ಟ. ಬಹಳ ಹೊತ್ತು ಇಟ್ಟ.

“ನೀರು ಕುಡಿಸು. ನೆರಳಾಗ ಕುಂದ್ರು.”

ಕುಡಿಸಿದೆ. ಕುಳಿತೆ. ಎಷ್ಟು ಹೊತ್ತಾಯಿತೋ, ಮತ್ತೆ ಬಂದು ಮುಟ್ಟಿ ನೋಡಿದ. ಕತ್ತು, ಹಣೆ ತಣಿದಿದ್ದವು.

“ಬರೀ ಬಿಸ್ಲು. ಹಿಡಿ ಗಟ್ಟಿ.”

ತಿರುಗುವ ಕಬ್ಬಿಣದ ಮೊನೆ ತೋಳಿಗೆ ತಾಗಿದಾಗ ಊರಮ್ಮ ಚಾವಡಿ ಹಾರಿಹೋಗುವಂತೆ ಚೀರಿದಳು. ನಾನು ಕಣ್ಣು ಮುಚ್ಚಲಿಲ್ಲ. ನಾಲ್ಕು ಕಡೆ ಕೆಂಪು ಹನಿ ಮೂಡಿತು.

“ಒರಸಬ್ಯಾಡ” ಎಂದ ಚಿನ್ನಪ್ಪ.

ಒಣಗುವವರೆಗೂ ಆ ತೋಳನ್ನು ಹಿಡಿದುಕೊಂಡೇ ಇದ್ದೆ.