ಶಾಲೆಗಾಲ

ಹೊಲಿಗೆ ಮಷೀನಿನ ಮುಂದೆ ಕೂತರೆ ಮಮತಾಜಳಿಗೆ ಯಾರ ಮಾತೂ ಪೂರ್ತಿ ಕೇಳಿಸುವುದಿಲ್ಲ. ಆ ಬೆಳಿಗ್ಗೆಯೂ ಹಾಗೆಯೇ ಆಯಿತು. ಮೂರನೆಯ ತರಗತಿಯಲ್ಲಿದ್ದ ಮಗಳು ಮೆಹೆಕ ಎರಡು ಸಂಗತಿ ಹೇಳಿದಳು, ಒಂದಷ್ಟೇ ಅವಳ ಕಿವಿಗೆ ಬಿತ್ತು. ಕಾಲಗಳಿಗೆ ಮರಾಠಿಯಲ್ಲಿ ಏನನ್ನುತ್ತಾರೆ ಎಂದು ಹುಡುಗಿ ಕೇಳುತ್ತಿದ್ದಳು. ಮಮತಾಜ ಪೆಡಲು ತುಳಿಯುತ್ತಲೇ "ಪಾವಸಾಳಾ, ಹಿವಾಳಾ, ಉನ್ಹಾಳಾ" ಎಂದು ಮಳೆಗಾಲ, ಚಳಿಗಾಲ, ಬೇಸಿಗೆಗಳ ಹೆಸರು ಹೇಳಿದಳು. ಅಷ್ಟರಲ್ಲಿ ಗೋಡೆಯ ಗಡಿಯಾರ ಕಣ್ಣಿಗೆ ಬಿದ್ದು, ಅದೇ ಉಸಿರಿನಲ್ಲಿ "ಶಾಳಾ, ಶಾಳಾ" ಎಂದು ಚೀಲ ಕೈಗಿಟ್ಟು ಮಗಳನ್ನು ಹೊರಗಟ್ಟಿದಳು. ತವರಿನಲ್ಲಿ ಶಾಲೆಗೆ ಹಾಗೆಯೇ ಅನ್ನುತ್ತಿದ್ದರು.

ಎರಡನೆಯ ಸಂಗತಿ ಗೊತ್ತಾದದ್ದು ಸಂಜೆಗೆ. ಬರುವ ಶನಿವಾರ ಅಮ್ಮಿ ಶಾಲೆಗೆ ಬಂದು ಓದುತ್ತಾಳೆ ಎಂದು ಮೆಹೆಕ ಕೈ ಎತ್ತಿ ಹೇಳಿ ಬಂದಿದ್ದಳು.

ಅಕ್ಕೋಳದ ಆ ಕನ್ನಡ ಶಾಲೆಯಲ್ಲಿ ಶೀತಲ ಅಕ್ಕೋರು ತರಗತಿಯ ಗೋಡೆಗೆ ಒಂದು ಹಗ್ಗ ಕಟ್ಟಿದ್ದರು. ಪಾಠ ಬದಲಾದಾಗ ಹಗ್ಗದ ಮೇಲಿನ ಚೀಟಿಗಳೂ ಬದಲಾಗುತ್ತಿದ್ದವು, ಈ ಸಲದ ಪಾಠ ಕಾಲಗಳದು. ಆಯಾ ಕಾಲದಲ್ಲಿ ತಮ್ಮ ಮನೆಯಲ್ಲಿ ಏನೇನು ನಡೆಯುತ್ತದೆ ಎಂದು ಮಕ್ಕಳು ಬರೆದು, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸುವುದು. ಶನಿವಾರ ಯಾರದಾದರೂ ಮನೆಯ ಹಿರಿಯರು ಬಂದು ಒಂದು ಚೀಟಿ ಗಟ್ಟಿಯಾಗಿ ಓದುವುದು.

ಮಮತಾಜಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

ಕನ್ನಡದಲ್ಲಿ ಅವಳು ಸಂತೆ ಮಾಡುತ್ತಿದ್ದಳು, ಜಗಳವಾಡುತ್ತಿದ್ದಳು, ನಗುತ್ತಿದ್ದಳು. ಆದರೆ ಕಲಿತದ್ದು ತವರೂರು ಕಾಗಲದ ಮರಾಠಿ ಶಾಲೆಯಲ್ಲಿ, ಅದೂ ಏಳನೆಯವರೆಗೆ. ವಡಾಪಾವ್ ಕಟ್ಟಿಕೊಟ್ಟ ಮರಾಠಿ ಪೇಪರಿನ ತುಂಡನ್ನೂ ಅವಳು ಎಣ್ಣೆ ಒರೆಸಿ ಓದುತ್ತಿದ್ದುದನ್ನು ಕಂಡಿದ್ದ ಮೆಹೆಕ, ಅಮ್ಮಿಗೆ ಎಲ್ಲ ಅಕ್ಷರವೂ ಬರುತ್ತವೆ ಎಂದೇ ತಿಳಿದಿದ್ದಳು. ಬರುವುದಿಲ್ಲ ಎಂದು ಹೇಳಿಬಿಡು ಅಂದಿತು ಒಂದು ಮನಸ್ಸು. ಇನ್ನೊಂದು ಆಗಲೇ ಯಾವ ಓಢಣಿ ಹೊದೆಯಲಿ ಎಂದು ಯೋಚಿಸತೊಡಗಿತ್ತು. ಹೆರಿಗೆ, ಮದುವೆ, ಮಯ್ಯತ್ತು ಎಂದು ಎಷ್ಟೋ ಕಡೆ ಅವಳನ್ನು ಕರೆದಿದ್ದರು. ಓದಲು ಯಾರೂ ಕರೆದಿರಲಿಲ್ಲ. ಹೆದರಿಕೆಯ ಅಡಿಯಲ್ಲಿ ಇಷ್ಟು ದೊಡ್ಡ ಆಸೆ ಮಲಗಿತ್ತೆಂದು ಅವಳಿಗೇ ತಿಳಿದಿರಲಿಲ್ಲ.

ಗಂಡ ಹುಸೇನ, ಕನ್ನಡ ಮಾತನ್ನೇ ಮರಾಠಿ ಅಕ್ಷರದಲ್ಲಿ ಬರೆದುಕೊಂಡು ಹೋಗಿ ಓದು, ಮಕ್ಕಳಿಗೇನು ಗೊತ್ತಾಗುತ್ತದೆ ಎಂದು ನಕ್ಕ. ಅವಳು ನಗಲಿಲ್ಲ. ಮರುದಿನ ಮಗಳು ಶಾಲೆಗೆ ಹೋದ ಮೇಲೆ ಅವಳ ಹಳೆಯ ಕನ್ನಡ ಪುಸ್ತಕ ತೆಗೆದು ಮಷೀನಿನ ಮೇಲಿಟ್ಟುಕೊಂಡಳು.

ಪುಟ ತಿರುವಿದಾಗ ಮೈ ಜುಮ್ಮೆಂದಿತು. ಕ, ಖ, ಗ, ಘ. ಅದೇ ಸಾಲು. ಮರಾಠಿ ಅಕ್ಷರಗಳು ಹಗ್ಗಕ್ಕೆ ಒಣಹಾಕಿದ ಬಟ್ಟೆಗಳ ಹಾಗೆ ಮೇಲಿನ ಗೆರೆಗೆ ಜೋತುಬಿದ್ದಿರುತ್ತವೆ. ಇವು ಹಗ್ಗ ಬಿಟ್ಟು ಅಂಗಳಕ್ಕಿಳಿದು ದುಂಡಗೆ ಕೂತಿದ್ದವು, ಅಷ್ಟೇ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಖಡುವಿನಿಂದ ಕೈಗೆ ಸಿಕ್ಕ ಅರಿವೆಯ ಮೇಲೆಲ್ಲ ಬರೆದು ನೋಡಿದಳು. ಗ ಎಂದರೆ ತಿರುವಿ ಹಾಕಿದ ಕುಬಸದ ಕೊರಳು. ಳ ಎಂದರೆ ಒಂದರೊಳಗೊಂದು ಸಿಕ್ಕ ಹುಕ್ಕು. ಬರೆಯುವಳು, ಜಾಡಿಸುವಳು, ಮತ್ತೆ ಬರೆಯುವಳು. ರಾತ್ರಿ ಮಗಳಿಗೆ ಪಾಠ ಗಟ್ಟಿಯಾಗಿ ಓದೆಂದು ಗದರಿಸಿ, ರೊಟ್ಟಿ ಬಡಿಯುತ್ತ ಕಿವಿಗೊಡುವಳು.

ಗುರುವಾರ ಪಕ್ಕದ ಮನೆಯ ಗಿರಿಜವ್ವ ಬಂದಳು. ಕಬ್ಬು, ಜೋಳದ ಹೊಲಗಳ ಒಡತಿ, ದನಿ ದೊಡ್ಡದು. ಹಿಂದಿನ ದಿನ ಹೊಲಿಸಿಕೊಂಡು ಹೋದ ಕರಿ ಕುಬಸ ಕೈಯಲ್ಲಿತ್ತು.

"ಏನ ಬೇ ಮಮತಾಜ, ನನ್ನ ಬೆನ್ನಮ್ಯಾಲ ಏನ ಬರದೀ?"

ಕುಬಸದ ಬೆನ್ನಿಗೆ ಬೆಳ್ಳಗೆ 'ಚಳಿಗಾಲ' ಎಂದಿತ್ತು.

"ನನ್ನ ಸೊಸಿ ಕೋಮಲ ಓದಿ ಬಿದ್ದ ಬಿದ್ದ ನಕ್ಕಾಳ. ಈ ವಯಸ್ಸಿನಾಕಿ ಬೆನ್ನಿಗೆ ಚಳಿಗಾಲ ಹೊತಗೊಂಡ ಮದವಿಗೆ ಹೋಗ್ಬೇಕೇನ?"

"ಕೊಡ್ರಿ, ಜಾಡಿಸಿ ಕೊಡ್ತೀನಿ."

"ಮೊದಲ ಯಾಕಂತ ಹೇಳ."

ಮಮತಾಜ ಹೇಳಿದಳು. ಹೇಳುವಾಗ ಕಣ್ಣು ಸೂಜಿಯ ಮೇಲೇ ಇತ್ತು. ಗಿರಿಜವ್ವ ಕೆಳಗೆ ಕೂತು ಕುಬಸವನ್ನು ತೊಡೆಯ ಮೇಲೆ ಹರಡಿಕೊಂಡು ಆ ಬಿಳಿ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಮ್ಯಾಲ ಗೆರಿ ಯಾಕ ಎಳದೀ? ಕನ್ನಡಕ್ಕ ಗೆರಿ ಇರೂದಿಲ್ಲ ಅಂತ ಕೋಮಲ ಅನ್ನಾಕತ್ತಿದ್ಲು."

ಮಮತಾಜ ಬಗ್ಗಿ ನೋಡಿದಳು. ಹೌದು, ಪದದ ನೆತ್ತಿಯ ಮೇಲೆ ಉದ್ದಕ್ಕೂ ಗೆರೆ. ಎಳೆದದ್ದು ಅವಳಿಗೆ ಗೊತ್ತೇ ಇರಲಿಲ್ಲ.

"ಗೆರಿ ಇಲ್ಲಂದ್ರ ಬೀಳತಾವೇನೋ ಅನಸ್ತೈತ್ರಿ."

ಗಿರಿಜವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶನಿವಾರ ತಾನೂ ಜೊತೆಗೆ ಬರುವುದಾಗಿಯೂ, ಮಮತಾಜ ಎಲ್ಲಾದರೂ ನಿಂತುಬಿಟ್ಟರೆ ಸಹಾಯ ಮಾಡುವುದಾಗಿಯೂ ಹೇಳಿದಳು.

"ನಿಮಗ ಓದಾಕ ಬರತೈತೇನ್ರಿ?"

"ಇಲ್ಲ. ಕೆಮ್ಮಾಕ ಬರತೈತಿ."

ಶನಿವಾರ ಬೆಳಗಿನ ಶಾಲೆ. ಚಳಿ ಇನ್ನೂ ಕಿಟಕಿಯಲ್ಲೇ ನಿಂತಿತ್ತು. ಮಮತಾಜ ಹಸಿರು ಓಢಣಿ ಹೊದ್ದು ಮಕ್ಕಳೆದುರು ನಿಂತಳು. ಗಿರಿಜವ್ವ ಹಿಂದಿನ ಗೋಡೆಗೆ ಒರಗಿ ಕೂತಳು. ಅಕ್ಕೋರು ಹಗ್ಗದಿಂದ ಮೆಹೆಕಳ ಚೀಟಿಯನ್ನೇ ಬಿಡಿಸಿ ಕೊಟ್ಟರು. ಮುಂದಿನ ಸಾಲಿನಲ್ಲಿ ಮಗಳು ಬೆನ್ನು ನೆಟ್ಟಗೆ ಮಾಡಿಕೊಂಡಳು.

ಅಕ್ಷರದ ಕೆಳಗೆ ಬೆರಳಿಟ್ಟು ಅವಳು ಶುರು ಮಾಡಿದಳು. "ಮಳೆಗಾಲದಲ್ಲಿ ನಾವು ಬಿಸಿ ಭಜಿ ತಿನ್ನುತ್ತೇವೆ." ದನಿ ನಡುಗುತ್ತಿತ್ತು, ಪದ ನಡುಗಲಿಲ್ಲ. "ಚಳಿಗಾಲದಲ್ಲಿ ಗಿರಿಜವ್ವನ ಹೊಲದ ಸೀತನಿ ತಿನ್ನುತ್ತೇವೆ." ಎಳೆ ಜೋಳದ ತೆನೆ ಸುಟ್ಟು ತಿಕ್ಕಿದ ಆ ಸಿಹಿ ಕಾಳಿನ ಹೆಸರು ಕೇಳಿ ಮಕ್ಕಳು ತುಟಿ ಸವರಿಕೊಂಡರು. ಮುಂದಿನ ಪದದಲ್ಲಿ ಬೆರಳು ನಿಂತುಬಿಟ್ಟಿತು. ಹಿಂದಿನಿಂದ ಭಾರಿ ಕೆಮ್ಮೊಂದು ಎದ್ದಿತು. ತರಗತಿಯೆಲ್ಲ ತಿರುಗಿ ನೋಡಿತು. ಅವರು ಮತ್ತೆ ಈ ಕಡೆ ತಿರುಗುವಷ್ಟರಲ್ಲಿ 'ಬೇಸಿಗೆ' ಅವಳ ಬಾಯಿಗೆ ಬಂದಿತ್ತು. ಬೇಸಿಗೆಯಲ್ಲಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ.

ಕೊನೆಯ ಸಾಲು. "ಶಾಲೆಗಾಲದಲ್ಲಿ ಅನ್ನ ಸಾರು ತಿನ್ನುತ್ತೇವೆ, ತತ್ತಿಯನ್ನೂ ತಿನ್ನುತ್ತೇವೆ."

ಮಕ್ಕಳು ಗೊಳ್ಳೆಂದರು. ಮಮತಾಜ ಚೀಟಿಗೆ ಬಗ್ಗಿದಳು. ಎಲ್ಲಿ ತಪ್ಪಿದೆ? ಶಾ, ಲೆ, ಗಾ, ಲ. ಬೆರಳಿಟ್ಟು ಇನ್ನೊಮ್ಮೆ ಓದಿದಳು. ಮತ್ತೆ ಅದೇ ಬಂತು. ಈ ಸಲ ಗಿರಿಜವ್ವ ಕೆಮ್ಮಿದ್ದು ಯಾರಿಗೂ ಕೇಳಿಸಲಿಲ್ಲ.

"ಮೂರ ಕಾಲ ಅದಾವ್ರಿ" ಎಂದ ಅರ್ಮಾನನೆಂಬ ಹುಡುಗ.

ಮೆಹೆಕ ಎದ್ದು ನಿಂತಳು. "ನಾಕ ಅದಾವ. ನಮ್ಮ ಅಮ್ಮೀನ ಹೇಳ್ಯಾಳ. ಪಾವಸಾಳಾ, ಹಿವಾಳಾ, ಉನ್ಹಾಳಾ, ಶಾಳಾ."

ಮಷೀನು, ಗಡಿಯಾರ, ತಾನು ಮಗಳ ಕೈಗಿಟ್ಟ ಚೀಲ, ಎಲ್ಲ ಒಮ್ಮೆಗೇ ಮಮತಾಜಳ ಕಣ್ಣ ಮುಂದೆ ಬಂದವು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು. ಅವಳು ತಪ್ಪಿರಲಿಲ್ಲ. ಬೇಸಿಗೆಯವರೆಗೆ ಅಷ್ಟಿಷ್ಟು ಊಹಿಸಿಯೂ ಓದಬಹುದಿತ್ತು. ಈ ಪದವನ್ನು ಯಾರೂ ಎಂದೂ ಕೇಳಿರಲಿಲ್ಲ, ಊಹಿಸುವಂತೆಯೇ ಇರಲಿಲ್ಲ. ಅಕ್ಷರಗಳನ್ನಷ್ಟೇ ನಂಬಿ ಅವಳು ಅದನ್ನು ಓದಿದ್ದಳು. ಒಳಗಿನಿಂದ ನಗು ಉಕ್ಕಿತು. ಓಢಣಿಯ ಸೆರಗು ಬಾಯಿಗೆ ಹಿಡಿದರೂ ನಿಲ್ಲಲಿಲ್ಲ.

ಎರಡೂ ಭಾಷೆ ಬಲ್ಲ ಶೀತಲ ಅಕ್ಕೋರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ತಿದ್ದಲು ಅವರು ಪೆನ್ನು ತೆಗೆಯಲಿಲ್ಲ. ಈ ಕಾಲ ಎಲ್ಲರಿಗೂ ಕಾಣಲಿ ಎಂದು ಖಡುವೊಂದನ್ನು ಮಮತಾಜಳ ಕೈಗಿತ್ತು ಹಲಗೆ ತೋರಿಸಿದರು.

ಅವಳು ಬರೆದಳು. ನಿಧಾನವಾಗಿ, ದುಂಡಗೆ, ಕುಬಸದ ಕೊರಳು ಕತ್ತರಿಸುವಾಗಿನ ಎಚ್ಚರದಿಂದ. 'ಶಾಲೆಗಾಲ.' ಬರೆದು ಮುಗಿಸಿದ ಕೈ ತನ್ನಷ್ಟಕ್ಕೆ ತಾನೇ ಮೇಲಕ್ಕೇರಿ, ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆಯಿತು.

"ಗೆರಿ ಯಾಕ್ರಿ?" ಎಂದ ಅರ್ಮಾನ.

ಒರೆಸಲು ಹೋದ ಮಮತಾಜಳನ್ನು ಮೆಹೆಕಳ ಮಾತು ತಡೆಯಿತು.

"ಗೆರಿ ಅಲ್ಲೋ, ಹಗ್ಗ. ನಮ್ಮ ಅಮ್ಮಿ ತನ್ನ ಚೀಟಿ ಸಿಗಿಸ್ಯಾಳ."