ಬಲಗಡೆಯ ಹಿಂದಿನ ಶಾಕ್

ಮತ್ತೆ ಅದೇ ಮುರಿದಿತ್ತು. ಬಲಗಡೆಯ ಹಿಂದಿನ ಚಕ್ರದ ಶಾಕ್ ಅಬ್ಸಾರ್ಬರ್.

ಅಕ್ಕ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ ತಮ್ಮ ಗಾಲಿಕುರ್ಚಿಯನ್ನು ಬಾಗಿಲ ತನಕ ಉರುಳಿಸಿಕೊಂಡು ಬಂದಿದ್ದ. ಅವನ ತೊಡೆಯ ಮೇಲೆ ರಿಮೋಟಿನ ಟ್ರಕ್ಕು ಒಂದು ಕಡೆ ಕುಸಿದು ಕೂತಿತ್ತು.

"ತಗೋ, ನಿನ್ನ ರೋಗಿ ಬಂದಿದಾನೆ," ಅಂದ.

"ಅಯ್ಯೋ, ಮೊನ್ನೆ ತಾನೇ ಹಾಕ್ಕೊಟ್ಟೆನಲ್ಲೋ! ಸ್ಕ್ರೂ ಜಾಸ್ತಿ ಬಿಗಿ ಮಾಡಿಬಿಟ್ಟೆ ಅನ್ಸುತ್ತೆ. ನಂದೇ ತಪ್ಪು."

"ಹೂಂ. ಮಳೆ ಬರದಿದ್ರೂ ನಿಂದೇ ತಪ್ಪು."

ತಮಾಷೆಗೆ ಅಂದ ಮಾತಾದರೂ ಅದರಲ್ಲಿ ಸುಳ್ಳೇನಿರಲಿಲ್ಲ. ಅಕ್ಕ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಂಗಡಿಯಲ್ಲಿದ್ದಳು. ಸಂಜೆ ತರಗತಿಗೆ ಹೋಗಿ ಕಲಿತ ಕೆಲಸ. ತಾನು ಕಲಿತದ್ದು ಅರ್ಧಂಬರ್ಧ ಎನ್ನುವ ಅಳುಕು ಅವಳಿಗೆ ಇನ್ನೂ ಹೋಗಿರಲಿಲ್ಲ. ಒಂದು ಸ್ಕ್ರೂ ತಿರುಗಿಸಿದರೆ ಇನ್ನೊಂದು ಸಲ ಮುಟ್ಟಿ ನೋಡಬೇಕು. ಅಂಗಡಿಗೆ ಬೀಗ ಹಾಕಿ ತಿರುವಿನ ತನಕ ಹೋದವಳು ವಾಪಸು ಬಂದು ಬೀಗ ಜಗ್ಗಿ ನೋಡಬೇಕು. ಅಂಗಡಿಯಲ್ಲಿ ಅವಳ ಹೆಸರೇ 'ಎರಡುಸಲ' ಎಂದಾಗಿತ್ತು. "ಇವಳು ಸತ್ತಮೇಲೂ ಎದ್ದು ಕೂತು, ಉಸಿರು ನಿಜವಾಗ್ಲೂ ನಿಂತಿದೆಯಾ ಅಂತ ಇನ್ನೊಂದ್ಸಲ ನೋಡ್ಕೋತಾಳೆ," ಎಂದು ಮಾಲೀಕರು ಗಿರಾಕಿಗಳ ಮುಂದೆ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ನಕ್ಕದ್ದು ಸರಿಯಾಯಿತೋ ಇಲ್ಲವೋ ಎಂದು ಆಮೇಲೆ ಯೋಚಿಸುತ್ತಿದ್ದಳು.

ಶಾಕ್ ಎಂದರೆ ಬೆರಳುದ್ದದ ಒಂದು ಕೊಳವೆ. ಒಳಗೆ ಎಣ್ಣೆ, ಹೊರಗೆ ಸ್ಪ್ರಿಂಗು, ನಡುವೆ ಮೇಲೆ ಕೆಳಗೆ ಆಡುವ ಸಣ್ಣ ಕಡ್ಡಿ. ಚಕ್ರಕ್ಕೆ ಬಿದ್ದ ಏಟನ್ನು ಗಾಡಿಗೆ ತಾಗದಂತೆ ನುಂಗಿಕೊಳ್ಳುವುದು ಅದರ ಕೆಲಸ. ಎಣ್ಣೆ ಗಟ್ಟಿಯಾಗಿ ಕಡ್ಡಿ ಸಲೀಸಾಗಿ ಆಡುತ್ತಿಲ್ಲವೇನೋ ಎಂದು ಅಕ್ಕ ತೆಳ್ಳಗಿನ ಎಣ್ಣೆ ತುಂಬಿದಳು. ಮುರಿಯಿತು. ಮೆತ್ತನೆಯ ಸ್ಪ್ರಿಂಗು ಹಾಕಿದಳು. ಮುರಿಯಿತು. ಕಡ್ಡಿಯ ಬುಡಕ್ಕೆ ರಬ್ಬರಿನ ಬಳೆ ತೊಡಿಸಿದಳು, ಅದೂ ಸೇರಿಕೊಂಡೇ ಮುರಿಯಿತು. ಉಳಿದ ಮೂರು ಮೂಲೆಯ ಶಾಕ್‌ಗಳು ಕಲ್ಲಿನ ಹಾಗಿದ್ದವು. ಎಲ್ಲದಕ್ಕೂ ಅವಳು ಬೈದುಕೊಂಡದ್ದು ತನ್ನ ಕೈಯನ್ನೇ. ಮುರಿದ ತುಂಡನ್ನು ಬೆಳಕಿಗೆ ಹಿಡಿದು ಹೊರಳಿಸಿ ಹೊರಳಿಸಿ ನೋಡಿದಳೇ ಹೊರತು, "ಇದನ್ನ ಎಲ್ಲಿ ಓಡಿಸ್ತೀಯೋ?" ಎಂದು ತಮ್ಮನನ್ನು ಒಂದು ಮಾತು ಕೇಳಲಿಲ್ಲ. ಮೊದಲ ಮಹಡಿಯ ಮನೆ. ಬಾಗಿಲ ಹೊರಗೆ ಉದ್ದದ ಕಾರಿಡಾರು, ಅದರ ಕೊನೆಗೆ ಕಬ್ಬಿಣದ ಕಂಬಿಯ ತಡೆ. ಅಲ್ಲೇ ಓಡಿಸುತ್ತಾನೆ ಎಂದುಕೊಂಡಿದ್ದಳು.

ಕೇಳಲು ಭಯವೂ ಇತ್ತು. ತಮ್ಮ ಗೋಡೆಗೆ ಬಣ್ಣ ಬಳಿಯುವವನು. ಯಾರದೋ ಮನೆಯ ಮೊದಲ ಮಹಡಿಯ ಹೊರಗೋಡೆಗೆ ಬಳಿಯುತ್ತಿದ್ದಾಗ ನಿಂತ ಹಲಗೆ ಜಾರಿ ಬಿದ್ದ. ಬಲ ಸೊಂಟ ಪುಡಿಯಾಯಿತು, ಬೆನ್ನುಮೂಳೆ ಮುರಿಯಿತು, ಕಾಲುಗಳಲ್ಲಿ ಸ್ವಾಧೀನ ಉಳಿಯಲಿಲ್ಲ. ನೋಡಲು ಬಂದ ಜೊತೆಯವರೆಲ್ಲ ಒಂದೇ ಮಾತನ್ನು ಹೊಗಳಿಕೆಯೆಂಬಂತೆ ಹೇಳಿದರು: "ಬಿದ್ಮೇಲೂ ಬಣ್ಣದ ಡಬ್ಬ ಕೈಲೇ ಇತ್ತು ನೋಡಿ. ಬೆರಳು ಒಂದೊಂದಾಗಿ ಬಿಡಿಸ್ಬೇಕಾಯ್ತು." ಮನೆಗೆ ಬಂದವನು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಕೊನೆಗೆ ಅದೇ ಜೊತೆಯವರು ಸೇರಿ ಆ ಟ್ರಕ್ಕನ್ನು ತಂದುಕೊಟ್ಟ ಮೇಲೆ, ಅಕ್ಕನಿಗೆ ಅಂಗಿ ತೊಡಿಸು ಎಂದ. ಕುರ್ಚಿಗೆ ಎತ್ತಿ ಕೂರಿಸು ಎಂದ. ಟ್ರಕ್ಕು ಓಡುತ್ತಿರುವ ತನಕ ತಮ್ಮ ಮತ್ತೆ ಗೋಡೆಯ ಕಡೆ ತಿರುಗುವುದಿಲ್ಲ ಎಂದು ಅಕ್ಕ ಆವತ್ತೇ ನಂಬಿಕೊಂಡಳು. ಅದು ನಿಂತರೆ ಇವನೂ ನಿಂತಹಾಗೆ.

ಹಾಗಾಗಿ ಈ ಸಲ ಪ್ಲಾಸ್ಟಿಕ್ಕಿನ ಸಹವಾಸವೇ ಬೇಡವೆಂದು ಲೋಹದ ಶಾಕ್ ತಂದು ಹಾಕಿದಳು. ಎರಡು ಸಲ ನೋಡಿ ಕೊಟ್ಟಳು.

ಮರುದಿನ ಸಂಜೆ ಗೇಟಿನಲ್ಲಿ ಮುದಿ ವಾಚ್‌ಮನ್ ಕೂಗಿದ. "ಏನಮ್ಮಾ, ನಿಮ್ಮ ಲಾರಿಗೆ ರೆಕ್ಕೆ ಯಾವಾಗ ಹಾಕಿಸ್ತೀರಾ?"

"ರೆಕ್ಕೆನಾ ತಾತ?"

"ಮತ್ತೆ? ಮೇಲಿಂದ ಹಾರೋಕೆ ಕಲಿತಿದೆಯಲ್ಲ. ಹೆಕ್ಕಿ ಹೆಕ್ಕಿ ಮೇಲೆ ಕೊಟ್ಟು ನನ್ನ ಮಂಡಿಚಿಪ್ಪು ಸವೆದೋಯ್ತು." ಎಂದವನು ತಕ್ಷಣ ನಾಲಿಗೆ ಕಚ್ಚಿಕೊಂಡ. "ಅಕ್ಕಂಗೆ ಹೇಳ್ಬೇಡ ಅಂದಿದ್ದ ಹುಡುಗ. ಹಾಳು ಬಾಯಿ ನಂದು."

ಅಕ್ಕ ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ಮೇಲೆ ಹೋಗಿ ನೋಡಿದರೆ ಲೋಹದ ಶಾಕ್‌ಗೆ ಗೀರೂ ಬಿದ್ದಿರಲಿಲ್ಲ. ಅದನ್ನು ಕೂರಿಸಿದ್ದ ಕಂಬವೇ ಗಾಡಿಯ ಮೈಯಿಂದ ಕಿತ್ತು ಬಂದಿತ್ತು. ಒಂದನ್ನು ಗಟ್ಟಿ ಮಾಡಿದ್ದಳು, ಏಟು ಅದರ ಪಕ್ಕದ್ದಕ್ಕೆ ಹೋಗಿತ್ತು.

"ಕಂಬಿ ಸಂದಿಯಿಂದ ಕೆಳಗೆ ಬಿಡ್ತೀಯಾ?"

"ತಾತ ಬಾಯಿಬಿಟ್ನಾ?"

"ಯಾಕೋ?"

ತಮ್ಮ ರಿಮೋಟನ್ನು ಮಡಿಲಲ್ಲಿಟ್ಟುಕೊಂಡ. "ಅಕ್ಕ, ಯಾವಾಗ್ಲೂ ಬಲಗಡೆ ಹಿಂದಿಂದೇ ಯಾಕೆ ಮುರಿಯುತ್ತೆ ಹೇಳು. ಬ್ಯಾಟರಿ ಆ ಮೂಲೇಲಿದೆ. ಭಾರ ಎತ್ಲಾಗಿದ್ಯೋ ಅತ್ಲಾಗೇ ವಾಲ್ಕೊಂಡು ಬೀಳುತ್ತೆ." ಬಲಗೈಯನ್ನು ಮುಚ್ಚಿದ, ಬಿಚ್ಚಿದ. "ನನ್ನ ಡಬ್ಬನೂ ಬಲಗೈಲೇ ಇತ್ತು."

ಅಕ್ಕ ಕಿತ್ತುಬಂದ ಕಂಬವನ್ನು ಕೆಳಗಿಟ್ಟಳು.

"ಬಿಟ್ಟುಬಿಟ್ಟಿದ್ರೆ ಕಾಲ ಮೇಲೆ ಬೀಳ್ತಿದ್ನಾ? ಅಷ್ಟೇ ಗೊತ್ತಾಗ್ಬೇಕು. ಬ್ಯಾಟರಿ ಮಧ್ಯಕ್ಕೆ ಹಾಕ್ಕೊಡು. ಒಂದೇ ಒಂದ್ಸಲ."

"ಇದು ಆಟದ ಸಾಮಾನು ಕಣೋ. ಇದಕ್ಕೂ ನಿಂಗೂ ಏನು ಸಂಬಂಧ?"

"ಗೊತ್ತು."

"ಗೊತ್ತಿದ್ದೂ?"

"ಗೊತ್ತಿದ್ದೂ. ನೀನು ಮಾಡ್ಕೊಡ್ದಿದ್ರೆ ತಾತನ ಹತ್ರ ದಾರದಲ್ಲಿ ಕಟ್ಟಿಸ್ಕೋತೀನಿ."

ಮರುದಿನ ಅಂಗಡಿಯಲ್ಲಿ ಅವಳು ಯಾರದೋ ಯಂತ್ರಕ್ಕೆ ಸೂಜಿ ತಲೆಕೆಳಗಾಗಿ ಹಿಡಿದು ಕೂತಿದ್ದಳು. ಬ್ಯಾಟರಿ ಮಧ್ಯದಲ್ಲಿದ್ದೂ ಟ್ರಕ್ಕು ವಾಲಿ ಬಿದ್ದರೆ ಡಬ್ಬದ ಕಥೆ ಅಲ್ಲಿಗೆ ಮುಗಿಯಿತು. ನಾಲ್ಕೂ ಚಕ್ರದ ಮೇಲೆ ನಿಂತುಬಿಟ್ಟರೆ? ಅವನ ಕಾಲು ಹೋದದ್ದು ಒಂದು ಬಣ್ಣದ ಡಬ್ಬದಿಂದ, ಅದನ್ನು ಬಿಡದೆ ಹಿಡಿದ ನಾಲ್ಕು ಬೆರಳಿನಿಂದ ಎಂದಾಗುತ್ತದೆ. ಜೀವ ಇರುವ ತನಕ ಅವನು ಆ ಬೆರಳುಗಳನ್ನೇ ನೋಡುತ್ತ ಮಲಗಿರುತ್ತಾನೆ.

ರಾತ್ರಿ ತಮ್ಮ ಮಲಗಿದ ಮೇಲೆ ಟ್ರಕ್ಕಿನ ರಿಪೇರಿಗೆ ಕೂತಳು. ಕಿತ್ತುಹೋದ ಕಂಬದ ಜಾಗಕ್ಕೆ ಹೊಸದು ಕೂರಿಸಿದಳು. ಬ್ಯಾಟರಿಯನ್ನು ಸರಿಯಾಗಿ ನಡುಮಧ್ಯಕ್ಕೆ ತಂದು ಪಟ್ಟಿ ಬಿಗಿದಳು, ಅದನ್ನು ಅವನು ನೋಡಿಯೇ ನೋಡುತ್ತಾನೆ. ಮೂರು ಮೂಲೆಯ ಸ್ಕ್ರೂಗಳನ್ನು ಎರಡೆರಡು ಸಲ ಮುಟ್ಟಿದಳು. ಬಲಗಡೆಯ ಹಿಂದಿನ ಶಾಕ್‌ನ ಸರದಿ ಬಂದಾಗ ಅದರ ಕೆಳಗಿನ ಸ್ಕ್ರೂವನ್ನು ಕಚ್ಚಿಯೂ ಕಚ್ಚದಂತೆ ಒಂದಿಷ್ಟು ತಿರುಗಿಸಿ ಬಿಟ್ಟಳು. ಜೀವಮಾನದಲ್ಲಿ ಬೇಕೆಂದೇ ಕೆಟ್ಟದಾಗಿ ಮಾಡಿದ ಕೆಲಸ ಅದೊಂದೇ. ಸ್ಕ್ರೂಡ್ರೈವರ್ ಹಿಡಿದ ಕೈ ರೂಢಿಯಂತೆ ತಾನಾಗಿಯೇ ಅತ್ತ ಹೋಯಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಸುಮ್ಮನೆ ಕೂತಳು.

ರಜೆಯ ದಿನ ಬೆಳಿಗ್ಗೆ ಇಬ್ಬರೂ ಕಾರಿಡಾರಿನ ಕೊನೆಗೆ ಹೋದರು. ತಮ್ಮ ಟ್ರಕ್ಕನ್ನು ತಲೆಕೆಳಗು ಮಾಡಿ ಬ್ಯಾಟರಿ ನೋಡಿದ, ತಲೆಯಾಡಿಸಿದ. ಕೆಳಗಿನ ಸಿಮೆಂಟು ನೆಲದಲ್ಲಿ ಯಾರೂ ಇಲ್ಲವೆಂದು ವಾಚ್‌ಮನ್ ಕೈ ಬೀಸಿದ. ಟ್ರಕ್ಕು ಓಡಿತು, ಕಂಬಿಯ ಸಂದಿಯಲ್ಲಿ ತೂರಿತು, ಇಲ್ಲವಾಯಿತು.

ಅಕ್ಕ ಬಗ್ಗಿ ನೋಡಿದಳು. ಅದು ನಾಲ್ಕೂ ಚಕ್ರದ ಮೇಲೆ ಒಟ್ಟಿಗೇ ಬಿತ್ತು. ಒಮ್ಮೆ ಪುಟಿದು ಬೆಕ್ಕಿನ ಹಾಗೆ ನೆಟ್ಟಗೆ ನಿಂತಿತು. ನಿಂತು, ಏನೋ ಯೋಚಿಸಿದಂತೆ ಮಾಡಿ, ಬಲಗಡೆಯ ಹಿಂಭಾಗಕ್ಕೆ ಮೆಲ್ಲನೆ ಕುಸಿಯಿತು.

ಕುರ್ಚಿಯಲ್ಲಿದ್ದ ತಮ್ಮನಿಗೆ ಕಂಬಿಯಾಚೆ ಇಣುಕಿ ನೋಡಲು ಹೊತ್ತು ಬೇಕಾಯಿತು. ಅವನು ಕಂಡದ್ದು ಕುಸಿದ ಟ್ರಕ್ಕನ್ನು ಮಾತ್ರ.

"ಬಲಗಡೆನೇ," ಅಂದ. ಅವನ ಹೆಗಲು ಇಳಿಯಿತು. "ಅಕ್ಕ, ಬಲಗಡೆನೇ! ಡಬ್ಬ ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ." ಮುಖ ಒರೆಸಿಕೊಂಡ. "ಟೀ ಮಾಡ್ತೀಯಾ? ಸಕ್ಕರೆ ಜಾಸ್ತಿ ಹಾಕು."

ಹಲಗೆಯಿಂದ ಬಿದ್ದಂದಿನಿಂದ ಅವನು ಬಾಯಿಬಿಟ್ಟು ತಿನ್ನಲು ಕುಡಿಯಲು ಏನನ್ನೂ ಕೇಳಿರಲಿಲ್ಲ. ಅಕ್ಕ ಸರಸರನೆ ಒಳಗೆ ಹೋಗಿ ನೀರಿಟ್ಟಳು. ಎಷ್ಟೋ ದಿನದ ಮೇಲೆ ಉಸಿರು ಹೊಟ್ಟೆಯ ತನಕ ಇಳಿದಂತಾಯಿತು. ಆಗ ವಾಚ್‌ಮನ್ ಮೆಟ್ಟಿಲು ಹತ್ತಿ ಬಂದ ಸದ್ದು, ಹಿಂದೆಯೇ ಅವನ ದೊಡ್ಡ ಗಂಟಲು.

"ಅಮ್ಮಾ, ಈ ಸಲ ಏನೂ ಮುರಿದಿಲ್ಲ! ಭಲೇ ಗಟ್ಟಿ ಮಾಡಿದೀರಾ. ಇದೊಂದು ಸ್ಕ್ರೂ ಬಿಚ್ಕೊಂಡಿತ್ತು ಅಷ್ಟೇ, ಹುಡುಕಿ ತಂದೆ. ತಗೋ ಮಗ."

ಅವಳು ಬಾಗಿಲಿಗೆ ಬಂದಳು. ತಮ್ಮ ಅಂಗೈಯಲ್ಲಿ ಸ್ಕ್ರೂ ಇಟ್ಟುಕೊಂಡು ನೋಡುತ್ತಿದ್ದ. ಬಾಗಿರಲಿಲ್ಲ, ಸವೆದಿರಲಿಲ್ಲ, ಹೊಚ್ಚ ಹೊಸದಾಗಿ ಹೊಳೆಯುತ್ತಿತ್ತು. ಶಾಕ್ ಇಡಿಯಾಗಿತ್ತು, ಕಂಬವೂ ಇಡಿಯಾಗಿತ್ತು.

"ಎರಡು ಸಲ ನೋಡಿದ್ಯಾ ಅಕ್ಕ?"

"ಮರ್ತುಹೋಯ್ತು ಕಣೋ. ನಂದೇ ತಪ್ಪು."

"ನೀನು? ಮರೆತೆಯಾ?"

ಬೇರೆ ಯಾರು ಹೇಳಿದ್ದರೂ ನಂಬಬಹುದಾದ ಮಾತು. ಅವಳ ಬಾಯಲ್ಲಿ ಅದು ನಿಲ್ಲಲಿಲ್ಲ. ವಾಚ್‌ಮನ್ ಇಬ್ಬರ ಮುಖವನ್ನೂ ನೋಡಿ, ಏನೂ ತಿಳಿಯದೆ, ಮಂಡಿ ಹಿಡಿದುಕೊಂಡು ಕೆಳಗಿಳಿದ.

"ಹಂಗಾದ್ರೆ ನಿಂತಿತ್ತು," ಅಂದ ತಮ್ಮ. ಕೇಳಿದ್ದಲ್ಲ, ಹೇಳಿದ್ದು. "ನೀನು ನೋಡ್ದೆ ಅಲ್ವಾ? ನಿಂತಿತ್ತು."

ಅಕ್ಕ ಇಲ್ಲವೆನ್ನಲು ಬಾಯಿ ತೆರೆದಳು. ಇನ್ನೊಂದು ಸುಳ್ಳು ಹೇಳುವಷ್ಟು ಅಭ್ಯಾಸ ಅವಳಿಗಿರಲಿಲ್ಲ.

ಒಳಗೆ ನೀರು ಕುದಿದು ಒಲೆಯ ಮೇಲೆ ಉಕ್ಕಿತು. ತಮ್ಮ ಕುರ್ಚಿಯನ್ನು ಎಡಗೈಯೊಂದರಿಂದಲೇ ತಿರುಗಿಸಲು ಹೋದ. ಅದು ಇದ್ದಲ್ಲೇ ಸುತ್ತಿತು. ಅವಳೇ ತಳ್ಳಿಕೊಂಡು ಹೋಗಿ ಹಾಸಿಗೆಗೆ ಎತ್ತಿ ಹಾಕಿದಳು. ಅವನು ಗೋಡೆಯ ಕಡೆ ಹೊರಳಿಸು ಎಂದ. ಹೊರಳಿಸಿದಳು.

ಅವನ ಬಲಗೈ ಮುಷ್ಟಿಯಾಗಿತ್ತು. ಸ್ಕ್ರೂ ಚುಚ್ಚಿಕೊಂಡೀತು ಎಂದು ಅವಳು ಪಕ್ಕದಲ್ಲಿ ಕೂತು ಬೆರಳು ಬಿಡಿಸಲು ನೋಡಿದಳು. ಒಂದು ಬಿಡಿಸಿದರೆ ಇನ್ನೊಂದು ಮುಚ್ಚಿಕೊಳ್ಳುತ್ತಿತ್ತು.